ಯೂಸರ್ ಟಾಸ್ಕ್‌ನ ಎಸ್ಕಲೇಶನ್ ಅವಧಿ ಪ್ರತಿ ಅರ್ಜಿಗೂ ಬೇರೆ ಬೇರೆ ಬರಬೇಕು, ಹೇಗೆ? (ಕಮುಂಡಾ 7)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಮುಂಡಾ 7ರಲ್ಲಿ (ಕೆಲಸದ ಹಂತಗಳನ್ನು ಚಿತ್ರವಾಗಿ ಬರೆದು ಓಡಿಸುವ ಇಂಜಿನ್) ಒಂದು ಮಂಜೂರಾತಿ ಪ್ರಕ್ರಿಯೆ ಇದೆ. ಅದರ 'ಅರ್ಜಿ ಪರಿಶೀಲನೆ' ಅನ್ನೋ ಯೂಸರ್ ಟಾಸ್ಕ್‌ಗೆ (ಮನುಷ್ಯರು ಮಾಡುವ ಹಂತ) ಬೌಂಡರಿ ಟೈಮರ್ (ಹಂತದ ಅಂಚಿಗೆ ಅಂಟಿಸಿದ ಗಡಿಯಾರ) ಹಾಕಿ 24 ಗಂಟೆ ಅಂತ ಮಾಡೆಲ್‌ನಲ್ಲೇ ಬರೆದಿದೆ. ಅಷ್ಟರೊಳಗೆ ಮುಗಿಯದಿದ್ದರೆ ಕೆಲಸ ಮೇಲಧಿಕಾರಿಯ ಪಟ್ಟಿಗೆ ಹೋಗಬೇಕು (ಇದೇ ಎಸ್ಕಲೇಶನ್). ಈಗ ಎಲ್ಲ ಅರ್ಜಿಗೂ ಒಂದೇ ಅವಧಿ ಸಾಲದು.

ಬೇಕಿರೋದು ಹೀಗೆ: ತುರ್ತು ಅರ್ಜಿಗೆ 4 ಗಂಟೆ, ಸಾಮಾನ್ಯಕ್ಕೆ 1 ದಿನ, ಆತುರವಿಲ್ಲದ್ದಕ್ಕೆ 3 ದಿನ. ಮೊತ್ತ ಒಂದು ಮಿತಿ ದಾಟಿದರೆ ಇದರ ಅರ್ಧ. ಸೋಮವಾರದಿಂದ ಶುಕ್ರವಾರ, 9:00ರಿಂದ 17:30ರವರೆಗಿನ ಹೊತ್ತು ಮಾತ್ರ ಲೆಕ್ಕಕ್ಕೆ. ಅವಧಿಯ ಅರ್ಧ ಕಳೆದಾಗ ಒಂದು ನೆನಪೋಲೆ. ನಡುವೆ ಆದ್ಯತೆ ಬದಲಾದರೆ ಗಡುವೂ ಬದಲಾಗಬೇಕು.

ಇಲ್ಲಿವರೆಗೆ ಆಗಿರೋದು:

ಟಾಸ್ಕ್‌ನ ಡ್ಯೂ ಡೇಟ್ ತುಂಬಿಸಿದೆ. ಆ ಹೊತ್ತು ದಾಟಿದರೂ ಏನೂ ಆಗಲಿಲ್ಲ.

ಟಾಸ್ಕ್‌ನ ಕ್ರಿಯೇಟ್ ಲಿಸನರ್‌ನಲ್ಲಿ (ಟಾಸ್ಕ್ ಹುಟ್ಟಿದಾಗ ಓಡುವ ಕೋಡ್) 'ಗಂಟೆ' ಅನ್ನೋ ವೇರಿಯೇಬಲ್ ಇಟ್ಟು ಅದನ್ನು ಟೈಮರ್‌ಗೆ ಕೊಟ್ಟೆ. ಅಂಥ ಹೆಸರೇ ಇಲ್ಲ ಅಂತ ಎರರ್ ಬಂತು. ವಿಚಿತ್ರ ಏನೆಂದರೆ, ಎರರ್ ಕಂಡಿದ್ದು ಹಿಂದಿನ ಟಾಸ್ಕ್ ಮುಗಿಸಲು ಬಟನ್ ಒತ್ತಿದವರಿಗೆ.

ವೇರಿಯೇಬಲ್ ಅನ್ನು ಹಿಂದಿನ ಹಂತಕ್ಕೆ ಸರಿಸಿದ ಮೇಲೆ 4 ಗಂಟೆ ಸರಿಯಾಗಿ ಓಡುತ್ತೆ, ಒಂದೂವರೆ ಗಂಟೆ ಓಡಲ್ಲ.

ಪರೀಕ್ಷೆಗೆ ಒಂದು ನಿಮಿಷ ಅಂತ 'ಪಿ1ಎಂ' ಬರೆದೆ. ಆ ಟೈಮರ್ ಇನ್ನೂ ಹಾರಿಲ್ಲ.

ಆದ್ಯತೆಯ ವೇರಿಯೇಬಲ್ ಬದಲಿಸಿದರೂ ಟೈಮರ್ ಹಳೇ ಹೊತ್ತಿಗೇ ಹಾರುತ್ತೆ.

ಉತ್ತರ 1

ಒಂದೊಂದಾಗಿ ನೋಡೋಣ.

ಡ್ಯೂ ಡೇಟ್ ಬರೀ ಚೀಟಿ. ಕೆಲಸದ ಪಟ್ಟಿಯಲ್ಲಿ ತೋರಿಸೋಕೆ, ವಿಂಗಡಿಸೋಕೆ, ಹುಡುಕೋಕೆ ಅದು ಬೇಕು. ಇಂಜಿನ್ ಅದನ್ನು ನೋಡಿಕೊಂಡು ಯಾವ ಕೆಲಸವನ್ನೂ ಮಾಡುವುದಿಲ್ಲ. ಫಾಲೋ ಅಪ್ ಡೇಟ್ ಕೂಡ ಹಾಗೇ. ಗಡಿಯಾರ ಓಡಬೇಕಾದರೆ ಟೈಮರ್ ಬೇಕೇ ಬೇಕು. ಜೊತೆಗೆ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ: ಬಿಪಿಎಂಎನ್‌ನಲ್ಲಿ (ಪ್ರಕ್ರಿಯೆಯ ಚಿತ್ರ ಬರೆಯುವ ಮಾನದಂಡ) 'ಎಸ್ಕಲೇಶನ್ ಇವೆಂಟ್' ಅಂತಲೇ ಒಂದು ಚಿಹ್ನೆ ಇದೆ. ಅದು ಒಳಗಿನ ಹಂತದಿಂದ ಹೊರಗಿನ ಹಂತಕ್ಕೆ ಸುದ್ದಿ ಮುಟ್ಟಿಸುತ್ತೆ ಅಷ್ಟೆ, ಹೊತ್ತು ಅಳೆಯುವುದಿಲ್ಲ. ಹೊತ್ತು ಅಳೆಯೋದು ಟೈಮರ್ ಇವೆಂಟ್ ಮಾತ್ರ.

ಎರರ್ ಹಿಂದಿನವರಿಗೆ ಕಂಡಿದ್ದರಲ್ಲಿ ವಿಚಿತ್ರ ಏನಿಲ್ಲ. ಹಿಂದಿನ ಟಾಸ್ಕ್ ಮುಗಿಸಿದ ಕ್ಷಣದಿಂದ ಮುಂದಿನ ಟಾಸ್ಕ್ ಬಂದು ನಿಲ್ಲುವವರೆಗೆ ಎಲ್ಲವೂ ಒಂದೇ ಟ್ರಾನ್ಸಾಕ್ಷನ್. ಟಾಸ್ಕ್‌ನೊಳಗೆ ಕಾಲಿಡುವಾಗಲೇ ಇಂಜಿನ್ ಬೌಂಡರಿ ಟೈಮರ್‌ನ ಎಕ್ಸ್‌ಪ್ರೆಶನ್ (ವೇರಿಯೇಬಲ್ ಇರುವ ಸೂತ್ರ) ಬಿಡಿಸಿ, ಜಾಬ್ ಟೇಬಲ್‌ನಲ್ಲಿ (ಮುಂದೆ ಓಡಬೇಕಾದ ಕೆಲಸಗಳ ಪಟ್ಟಿ) ಒಂದು ಸಾಲು ಬರೆಯುತ್ತೆ. ಕ್ರಿಯೇಟ್ ಲಿಸನರ್ ಓಡೋದು ಅದಾದ ಮೇಲೆ. ಬಿಡಿಸಲು ಆಗದಿದ್ದರೆ ಟ್ರಾನ್ಸಾಕ್ಷನ್ ಪೂರ್ತಿ ಹಿಂದಕ್ಕೆ ಬರುತ್ತೆ, ಹೊಸ ಟಾಸ್ಕ್ ಹುಟ್ಟೋದೇ ಇಲ್ಲ, ಹಿಂದಿನ ಟಾಸ್ಕ್ ಮುಗಿದಿಲ್ಲ ಅಂತಾಗುತ್ತೆ. ಆದ್ದರಿಂದ ಗಡುವಿನ ಲೆಕ್ಕಕ್ಕೆ ಟಾಸ್ಕ್‌ಗಿಂತ ಮೊದಲು ಒಂದು ಪ್ರತ್ಯೇಕ ಹಂತ ಇಡಿ. ಅಲ್ಲಿ ಉತ್ತರ ಸಿಗದಿದ್ದರೆ ಬಳಸಲು ಒಂದು ಪೂರ್ವನಿಗದಿತ ಅವಧಿಯೂ ಇರಲಿ. ಆದ್ಯತೆಯ ಖಾನೆ ಖಾಲಿ ಬಿಟ್ಟು ಬಂದ ಒಂದು ಅರ್ಜಿ ಹಿಂದಿನ ಮೇಜಿನವರ ಕೆಲಸ ನಿಲ್ಲಿಸಬಾರದು.

ಒಂದೂವರೆ ಗಂಟೆಯ ಸಮಸ್ಯೆ ಬರೆಯುವ ರೀತಿಯದು. 'ಪಿಟಿ' ಮತ್ತು 'ಎಚ್' ನಡುವೆ ವೇರಿಯೇಬಲ್ ಇಟ್ಟಿದ್ದೀರಿ, ಅದು 'ಪಿಟಿ1.5ಎಚ್' ಆಗಿ ಹೋಗ್ತಿದೆ. ಈ ಇಂಜಿನ್ ಬಳಸುವ ಅವಧಿಯ ಬರಹದಲ್ಲಿ ದಶಾಂಶ ಇರಬಹುದಾದ್ದು ಸೆಕೆಂಡಿನ ಜಾಗದಲ್ಲಿ ಮಾತ್ರ. ಗಂಟೆ ಕೈಬಿಟ್ಟು ಎಲ್ಲ ಕಡೆ ನಿಮಿಷದಲ್ಲಿ ಲೆಕ್ಕ ಇಡಿ: 'ಪಿಟಿ90ಎಂ'. ಆಗಲೂ ವೇರಿಯೇಬಲ್ ಪೂರ್ಣಾಂಕವೇ ಆಗಿರಬೇಕು. ಡಬಲ್ (ದಶಾಂಶ ಸಂಖ್ಯೆ) ಆದರೆ 'ಪಿಟಿ90.0ಎಂ' ಆಗಿ ಅದೂ ಬಿದ್ದುಹೋಗುತ್ತೆ. ಅರ್ಧ ಮಾಡುವ ಸೂತ್ರ ಇರೋ ಕಡೆ ಇದು ಖಂಡಿತ ಕಾಡುತ್ತೆ, ಭಾಗಾಕಾರ ಆದ ಮೇಲೆ ಪೂರ್ಣಾಂಕಕ್ಕೆ ತಿರುಗಿಸಿ. ಅಕ್ಷರಗಳಿಲ್ಲದ ಬರೀ 240 ಅನ್ನೋ ಸಂಖ್ಯೆ ಕೊಟ್ಟರೂ ಇಂಜಿನ್ ಒಪ್ಪಲ್ಲ. ಅದಕ್ಕೆ ಬೇಕಿರೋದು ಸ್ಟ್ರಿಂಗ್ ಇಲ್ಲವೇ ಡೇಟ್ ಆಬ್ಜೆಕ್ಟ್.

'ಪಿ1ಎಂ' ಅಂದರೆ ಒಂದು ತಿಂಗಳು. ಐಎಸ್‌ಒ 8601 ಬರಹದಲ್ಲಿ 'ಟಿ' ಅಕ್ಷರಕ್ಕಿಂತ ಮುಂಚಿನ 'ಎಂ' ತಿಂಗಳು, ಆಮೇಲಿನ 'ಎಂ' ನಿಮಿಷ. ನಿಮ್ಮ ಟೈಮರ್ ಹಾಳಾಗಿಲ್ಲ, ಮುಂದಿನ ತಿಂಗಳು ಹಾರುತ್ತೆ. ಪರೀಕ್ಷೆಯ ಅರ್ಜಿಯನ್ನು ಈಗಲೇ ಅಳಿಸಿಬಿಡಿ, ಇಲ್ಲದಿದ್ದರೆ ಎಲ್ಲರೂ ಮರೆತ ಮೇಲೆ ಯಾರಿಗೋ ಮೇಲ್ ಹೋಗುತ್ತೆ.

ಇನ್ನು ಕೊನೆಯದು. ವೇರಿಯೇಬಲ್ ಬದಲಾದರೂ ಟೈಮರ್ ಬದಲಾಗದಿರೋದು ಬಗ್ ಅಲ್ಲ. ಎಕ್ಸ್‌ಪ್ರೆಶನ್ ಬಿಡಿಸೋದು ಒಂದೇ ಸಲ, ಒಳಗೆ ಬರುವಾಗ. ಅಲ್ಲಿಂದಾಚೆ ಟೇಬಲ್‌ನಲ್ಲಿರೋದು ಒಂದು ನಿಗದಿತ ದಿನಾಂಕ ಮತ್ತು ಹೊತ್ತು, ಅದಕ್ಕೂ ವೇರಿಯೇಬಲ್‌ಗೂ ಸಂಬಂಧ ಹರಿದಿರುತ್ತೆ.

ಉತ್ತರ 2

ಮೇಲಿನವರು ಹೇಳಿದ 'ಪ್ರತ್ಯೇಕ ಹಂತ'ದಲ್ಲಿ ಏನಿರಬೇಕು ಅನ್ನೋದರ ಬಗ್ಗೆ ಬರೀತೀನಿ.

ಎರಡು ಕೆಲಸ ಇವೆ, ಬೆರೆಸಬೇಡಿ. ಒಂದು, ಈ ಅರ್ಜಿಗೆ ಎಷ್ಟು ನಿಮಿಷ ಕೊಡಬೇಕು ಅನ್ನೋದು. ಇದು ವ್ಯವಹಾರದ ನಿಯಮ, ಆಗಾಗ ಬದಲಾಗುತ್ತೆ. ಇನ್ನೊಂದು, ಅಷ್ಟು ನಿಮಿಷ ಕೂಡಿದರೆ ಕ್ಯಾಲೆಂಡರ್‌ನಲ್ಲಿ ಯಾವ ಹೊತ್ತಿಗೆ ಬರುತ್ತೆ ಅನ್ನೋದು. ಇದು ಕೋಡ್.

ಮೊದಲನೆಯದನ್ನು ಡಿಎಂಎನ್ ಟೇಬಲ್‌ಗೆ (ನಿಯಮಗಳನ್ನು ಸಾಲುಸಾಲಾಗಿ ಬರೆಯುವ ಕೋಷ್ಟಕ) ಬಿಡಿ. ಇನ್‌ಪುಟ್ ಎರಡು: ಆದ್ಯತೆ, ಮೊತ್ತ. ಔಟ್‌ಪುಟ್ ಒಂದೇ: ನಿಮಿಷ. ನಿಮ್ಮ ಕೆಲಸದ ದಿನ ಎಂಟೂವರೆ ಗಂಟೆ, ಅಂದರೆ 510 ನಿಮಿಷ. ಹಾಗಾಗಿ ಸಾಲುಗಳು ತುರ್ತು 240, ಸಾಮಾನ್ಯ 510, ಆತುರವಿಲ್ಲದ್ದು 1530. ಮಿತಿ ದಾಟಿದವಕ್ಕೆ 120, 255, 765. ಸೂತ್ರದಲ್ಲಿ ಅರ್ಧ ಮಾಡೋದಕ್ಕಿಂತ ಆರೂ ಸಂಖ್ಯೆ ಕಣ್ಣಿಗೆ ಕಾಣುವಂತೆ ಬರೆಯೋದೇ ವಾಸಿ. ನಾಳೆ 'ಆತುರವಿಲ್ಲದ ದೊಡ್ಡ ಮೊತ್ತಕ್ಕೆ ಅರ್ಧ ಬೇಡ, 900 ಕೊಡಿ' ಅಂದರೆ ಒಂದು ಕೋಶ ತಿದ್ದಿದರೆ ಮುಗೀತು. ಕೊನೆಯಲ್ಲಿ ಯಾವುದಕ್ಕೂ ಹೊಂದದವಕ್ಕೆ ಒಂದು ಸಾಲು ಹಾಕಿ, ಹಿಟ್ ಪಾಲಿಸಿ 'ಫಸ್ಟ್' (ಮೊದಲು ಹೊಂದಿದ ಸಾಲೇ ಉತ್ತರ) ಇಡಿ. 'ಯುನೀಕ್' ಇಟ್ಟರೆ ಆ ಕೊನೆಯ ಸಾಲು ಬೇರೆ ಸಾಲಿನ ಜೊತೆಗೂ ಹೊಂದಿ ಎರರ್ ಬರುತ್ತೆ. ಬಿಸಿನೆಸ್ ರೂಲ್ ಟಾಸ್ಕ್‌ನಲ್ಲಿ (ಈ ಟೇಬಲ್ ಅನ್ನು ಕರೆಯುವ ಹಂತ) ಫಲಿತಾಂಶದ ಬಗೆ 'ಸಿಂಗಲ್ ಎಂಟ್ರಿ' ಇರಲಿ. ಬೈಂಡಿಂಗ್ (ಟೇಬಲ್‌ನ ಯಾವ ಆವೃತ್ತಿ ಓದಬೇಕು ಅನ್ನೋದು) 'ಲೇಟೆಸ್ಟ್' ಆಗಿದ್ದರೆ (ಹೇಳದಿದ್ದರೆ ಅದೇ) ಟೇಬಲ್‌ನ ಹೊಸ ಆವೃತ್ತಿ ಹಾಕಿದ ಕೂಡಲೇ ಓಡುತ್ತಿರುವ ಅರ್ಜಿಗಳೂ ಆ ಹಂತಕ್ಕೆ ಬಂದಾಗ ಹೊಸದನ್ನೇ ಓದುತ್ತವೆ. ಪ್ರಕ್ರಿಯೆಯನ್ನು ಮತ್ತೆ ಡಿಪ್ಲಾಯ್ ಮಾಡಬೇಕಿಲ್ಲ.

ಎರಡನೆಯದು ಸ್ವಲ್ಪ ಕೈಬರಹದ ಲೆಕ್ಕ ಇದ್ದಂತೆ. ಹೊತ್ತು ಕೆಲಸದ ವೇಳೆಯ ಹೊರಗಿದ್ದರೆ ಮೊದಲು ಮುಂದಿನ ಕೆಲಸದ ವೇಳೆ ಶುರುವಾಗುವ 9:00ಕ್ಕೆ ತಳ್ಳಿ. ಆ ದಿನದಲ್ಲಿ 17:30ರವರೆಗೆ ಎಷ್ಟು ನಿಮಿಷ ಉಳಿದಿದೆ ನೋಡಿ. ಬೇಕಿರೋದು ಅದರೊಳಗೆ ಹಿಡಿಸಿದರೆ ಕೂಡಿ ಮುಗಿಸಿ. ಹಿಡಿಸದಿದ್ದರೆ ಅಷ್ಟನ್ನು ಕಳೆದು ಮುಂದಿನ ಕೆಲಸದ ದಿನಕ್ಕೆ ಹೋಗಿ. ಶುಕ್ರವಾರ 16:00ಕ್ಕೆ ತುರ್ತು ಅರ್ಜಿ ಬಂತು ಅಂದುಕೊಳ್ಳಿ. 240ರಲ್ಲಿ 90 ಶುಕ್ರವಾರವೇ ಮುಗಿಯುತ್ತೆ, ಉಳಿದ 150 ಸೋಮವಾರ 9:00ರಿಂದ, ಗಡುವು ಸೋಮವಾರ 11:30. ಸೋಮವಾರ ರಜೆಯಾದರೆ ಮಂಗಳವಾರ 11:30. ರಜೆಯ ಪಟ್ಟಿಯನ್ನು ಕೋಡ್‌ನೊಳಗೆ ಬರೆಯಬೇಡಿ, ಒಂದು ಟೇಬಲ್‌ನಲ್ಲಿಡಿ. ಮುಂದಿನ ವರ್ಷದ ರಜೆಗಳನ್ನು ಡಿಸೆಂಬರ್‌ಗೆ ಮುಂಚೆಯೇ ತುಂಬಿ, ಯಾಕೆಂದರೆ ವರ್ಷದ ಕೊನೆಯಲ್ಲಿ ಬಂದ ಅರ್ಜಿಯ ಗಡುವು ಜನವರಿಗೆ ಬೀಳುತ್ತೆ.

ನೆನಪೋಲೆಯಲ್ಲಿ ಬಹಳ ಜನ ಎಡವುತ್ತಾರೆ. ಶುರುವಾದ ಹೊತ್ತಿಗೂ ಗಡುವಿಗೂ ನಡುವಿನ ಅಂತರವನ್ನು ಎರಡರಿಂದ ಭಾಗಿಸಬೇಡಿ. ಮೇಲಿನ ಉದಾಹರಣೆಯಲ್ಲಿ ಶುಕ್ರವಾರ 16:00ರಿಂದ ಸೋಮವಾರ 11:30ಕ್ಕೆ 67 ಗಂಟೆ 30 ನಿಮಿಷ. ಅದರ ಅರ್ಧ ಅಂದರೆ ಭಾನುವಾರ ಬೆಳಗಿನ ಜಾವ 1:45! ನಿಮಿಷವನ್ನು ಅರ್ಧ ಮಾಡಿ (120), ಅದೇ ಕ್ಯಾಲೆಂಡರ್ ಕೋಡ್‌ಗೆ ಮತ್ತೆ ಕೊಡಿ. ಸೋಮವಾರ 9:30 ಬರುತ್ತೆ, ಓದುವವರು ಮೇಜಿನ ಮುಂದಿರುವ ಹೊತ್ತು.

ಹೀಗೆ ಸಿಕ್ಕ ಎರಡೂ ಹೊತ್ತನ್ನು ಡೇಟ್ ಆಗಿಯೇ ವೇರಿಯೇಬಲ್‌ನಲ್ಲಿಡಿ: 'ನೆನಪು' ಮತ್ತು 'ಗಡುವು'. ಬೌಂಡರಿ ಟೈಮರ್‌ಗಳಲ್ಲಿ 'ಅವಧಿ'ಯ ಬದಲು 'ದಿನಾಂಕ' ಬಗೆ ಆರಿಸಿ ಇವನ್ನು ಕೊಡಿ. ಟಾಸ್ಕ್‌ನ ಡ್ಯೂ ಡೇಟ್‌ಗೂ ಅದೇ 'ಗಡುವು' ಕೊಡಿ. ಪಟ್ಟಿಯಲ್ಲಿ ಕಾಣುವ ಹೊತ್ತೇ ಬೇರೆ, ಎಸ್ಕಲೇಶನ್ ಆಗುವ ಹೊತ್ತೇ ಬೇರೆ ಆದರೆ ಕೆಲಸ ಮಾಡುವವರು ಎರಡನ್ನೂ ನಂಬೋದು ಬಿಡ್ತಾರೆ. ಲೆಕ್ಕ ಶುರುವಾದ ಹೊತ್ತನ್ನೂ 'ಶುರು' ಅಂತ ಉಳಿಸಿಕೊಳ್ಳಿ, ಆಮೇಲೆ ಬೇಕಾಗುತ್ತೆ.

ಟೈಮ್ ಝೋನ್: ಕಂಟೇನರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ ಓಡುತ್ತವೆ. ನಿಮ್ಮ 9:00 ಯಾವ ಝೋನ್‌ನ 9:00 ಅಂತ ಕೋಡ್‌ನಲ್ಲಿ ಹೆಸರು ಹಿಡಿದು ಹೇಳಿ, ಸರ್ವರ್‌ನ ಡೀಫಾಲ್ಟ್‌ಗೆ ಬಿಡಬೇಡಿ. ಗಡಿಯಾರ ಹಿಂದೆ ಮುಂದೆ ಮಾಡುವ ಝೋನ್ ಆದರೆ 'ಒಂದು ದಿನ ಕೂಡು' ಮತ್ತು '24 ಗಂಟೆ ಕೂಡು' ವರ್ಷದಲ್ಲಿ ಎರಡು ದಿನ ಬೇರೆ ಬೇರೆ ಉತ್ತರ ಕೊಡುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಟೇಬಲ್, ಕ್ಯಾಲೆಂಡರ್ ಎರಡೂ ಸೇರಿಸಿದೆ, ಶುಕ್ರವಾರ 16:00ರ ಉದಾಹರಣೆ ಸೋಮವಾರ 11:30ಕ್ಕೇ ಬರ್ತಿದೆ. ಮೂರು ವಿಷಯ ಉಳಿದಿವೆ. ನಡುವೆ ಆದ್ಯತೆ ಬದಲಾದರೆ? ಅರ್ಜಿದಾರರಿಂದ ದಾಖಲೆ ಬರಲಿ ಅಂತ ಅರ್ಜಿಯನ್ನು ತಡೆಹಿಡಿದಾಗ ಗಡಿಯಾರ ನಿಲ್ಲಿಸೋದು ಹೇಗೆ? ಮತ್ತೆ, ಟೈಮರ್ ಇಂಟರಪ್ಟಿಂಗ್ ಆಗಿರಬೇಕೋ ಬೇಡವೋ?

ಉತ್ತರ 3

ಮೂರನೆಯದರಿಂದ ಶುರು ಮಾಡ್ತೀನಿ, ಯಾಕೆಂದರೆ ಅದು ಉಳಿದೆರಡನ್ನೂ ನಿರ್ಧರಿಸುತ್ತೆ.

ಇಂಟರಪ್ಟಿಂಗ್ ಇಟ್ಟರೆ ಟೈಮರ್ ಹಾರಿದ ಕ್ಷಣ ಟಾಸ್ಕ್ ಸಾಯುತ್ತೆ, ಅದರ ಲೋಕಲ್ ವೇರಿಯೇಬಲ್‌ಗಳೂ ಹೋಗುತ್ತವೆ. ಅರ್ಧ ಫಾರ್ಮ್ ತುಂಬಿ ಕೂತಿದ್ದವರು 'ಸಲ್ಲಿಸಿ' ಒತ್ತಿದರೆ ಟಾಸ್ಕ್ ಸಿಗಲಿಲ್ಲ ಅಂತ ಬರುತ್ತೆ. ನಿಮಗೆ ಬೇಕಿರೋದು ಕೆಲಸ ಮೇಲಧಿಕಾರಿಗೂ ಕಾಣಬೇಕು ಅನ್ನೋದು, ಮೊದಲಿನವರು ಮಾಡಿದ್ದು ಅಳಿಸಬೇಕು ಅಂತಲ್ಲ. ಆದ್ದರಿಂದ ನಾನ್ ಇಂಟರಪ್ಟಿಂಗ್ ಇಡಿ. ಅದರಿಂದ ಹೊರಟ ಗೆರೆಯಲ್ಲಿ ಒಂದು ಸರ್ವಿಸ್ ಟಾಸ್ಕ್ (ಕೋಡ್ ಓಡಿಸುವ ಹಂತ) ಇಟ್ಟು, ಇರುವ ಟಾಸ್ಕ್‌ಗೇ ಮೇಲಧಿಕಾರಿಗಳ ಗುಂಪನ್ನು ಕ್ಯಾಂಡಿಡೇಟ್ ಗ್ರೂಪ್ (ಕೆಲಸ ಕೈಗೆತ್ತಿಕೊಳ್ಳಬಹುದಾದವರು) ಆಗಿ ಸೇರಿಸಿ, ಪ್ರಯಾರಿಟಿ ಏರಿಸಿ, ಅದರ ಮುಂದಿನ ಹಂತದಲ್ಲಿ ಮೇಲ್ ಕಳಿಸಿ, ಅಲ್ಲೇ ಎಂಡ್ ಇವೆಂಟ್ ಹಾಕಿ ಮುಗಿಸಿ. ಆ ಗೆರೆಯನ್ನು ಮುಖ್ಯ ಹರಿವಿಗೆ ಸೇರಿಸಬೇಡಿ. ಸೇರಿಸಿದರೆ ಮುಂದಿನ ಹಂತಗಳು ಎರಡೆರಡು ಸಲ ಓಡುತ್ತವೆ, ಮಂಜೂರಾತಿ ಪ್ರಕ್ರಿಯೆಯಲ್ಲಿ ಅದು ಸಣ್ಣ ತಪ್ಪಲ್ಲ. ಆ ಗೆರೆಯಲ್ಲಿ ಇನ್ನೊಂದು ಯೂಸರ್ ಟಾಸ್ಕ್ ಕೂಡ ಬೇಡ. ಮೂಲ ಕೆಲಸ ಮುಗಿದ ಮೇಲೂ ಅದು ಬಾಕಿ ಉಳಿದು ಪ್ರಕ್ರಿಯೆ ಮುಗಿಯದೇ ನಿಲ್ಲುತ್ತೆ.

ಒಂದು ಎಚ್ಚರ: ಟಾಸ್ಕ್ ಈಗಾಗಲೇ ಒಬ್ಬರ ಹೆಸರಿನಲ್ಲಿದ್ದರೆ, ಗುಂಪನ್ನು ಸೇರಿಸಿದರೂ ಗುಂಪಿನ 'ಯಾರೂ ತೆಗೆದುಕೊಳ್ಳದ ಕೆಲಸ'ಗಳ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಹೆಸರು ತೆಗೆದು ಗುಂಪಿಗೆ ಬಿಡಬೇಕೋ, ಮೇಲಧಿಕಾರಿಯ ಹೆಸರಿಗೇ ಬರೆಯಬೇಕೋ, ಮೊದಲೇ ತೀರ್ಮಾನಿಸಿ.

ಮೇಲ್ ಕಳಿಸುವ ಹಂತಕ್ಕೆ 'ಅಸಿಂಕ್ ಬಿಫೋರ್' (ಅಲ್ಲಿಂದ ಬೇರೆ ಟ್ರಾನ್ಸಾಕ್ಷನ್ ಶುರುಮಾಡುವ ಗುರುತು) ಹಾಕೋದನ್ನು ಮರೆಯಲೇಬೇಡಿ. ಹಾಕದಿದ್ದರೆ ಟೈಮರ್, ಗುಂಪು ಸೇರಿಸುವುದು, ಮೇಲ್ ಮೂರೂ ಒಂದೇ ಟ್ರಾನ್ಸಾಕ್ಷನ್. ಮೇಲ್ ಸರ್ವರ್ ಬಿದ್ದಿದ್ದರೆ ಎಲ್ಲ ಹಿಂದಕ್ಕೆ ಬಂದು ಟೈಮರ್ ಜಾಬ್ ಸೋತಂತಾಗುತ್ತೆ. ಪೂರ್ವನಿಗದಿತವಾಗಿ 3 ಪ್ರಯತ್ನ, ಆಮೇಲೆ ಇನ್ಸಿಡೆಂಟ್ (ಸೋಲಿನ ದಾಖಲೆ), ಅಷ್ಟೆ. ಎಸ್ಕಲೇಶನ್ ಆಗಲೇ ಇಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ವಿಳಂಬ ತಡೆಯೋಕೆ ಇಟ್ಟ ವ್ಯವಸ್ಥೆಯೇ ಸದ್ದಿಲ್ಲದೆ ನಿಂತುಹೋಗೋದು ಬಹುತೇಕ ಇದೇ ಜಾಗದಲ್ಲಿ.

ಆದ್ಯತೆ ಬದಲಾದಾಗ: ಜಾಬ್ ಕ್ವೆರಿಯಲ್ಲಿ ಪ್ರೊಸೆಸ್ ಇನ್‌ಸ್ಟನ್ಸ್ ಐಡಿ ಮತ್ತು ಆಕ್ಟಿವಿಟಿ ಐಡಿ ಕೊಟ್ಟು ಟೈಮರ್ ಜಾಬ್ ಹುಡುಕಿ. ಆಕ್ಟಿವಿಟಿ ಐಡಿ ಅಂದರೆ ಬೌಂಡರಿ ಇವೆಂಟ್‌ನದು, ಯೂಸರ್ ಟಾಸ್ಕ್‌ನದಲ್ಲ. ಟಾಸ್ಕ್ ಐಡಿ ಕೊಟ್ಟು 'ಏನೂ ಸಿಗ್ತಿಲ್ಲ' ಅಂತ ತಲೆ ಕೆಡಿಸಿಕೊಳ್ಳೋರು ಬಹಳ. ಆಮೇಲೆ ಮ್ಯಾನೇಜ್‌ಮೆಂಟ್ ಸರ್ವಿಸ್‌ನ 'ಸೆಟ್ ಜಾಬ್ ಡ್ಯೂ ಡೇಟ್' ಕರೆದು ಹೊಸ ಹೊತ್ತು ಕೊಡಿ. ನೆನಪೋಲೆಯ ಟೈಮರ್‌ಗೂ ಅದೇ, ಟಾಸ್ಕ್‌ನ ಡ್ಯೂ ಡೇಟ್‌ಗೂ ಅದೇ. ಮೂರನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ. ಮಲ್ಟಿ ಇನ್‌ಸ್ಟನ್ಸ್ ಟಾಸ್ಕ್ (ಒಂದೇ ಟಾಸ್ಕ್ ಹಲವು ಪ್ರತಿಗಳಾಗಿ ಓಡುವುದು) ಆಗಿದ್ದರೆ ಜಾಬ್‌ಗಳೂ ಹಲವು ಇರಬಹುದು, 'ಸಿಂಗಲ್ ರಿಸಲ್ಟ್' ಕೇಳಿದರೆ ಎರರ್.

'ರೀಕ್ಯಾಲ್ಕುಲೇಟ್' ಅನ್ನೋ ಇನ್ನೊಂದು ದಾರಿಯೂ ಇದೆ, ಎಕ್ಸ್‌ಪ್ರೆಶನ್ ಅನ್ನು ಈಗಿನ ವೇರಿಯೇಬಲ್‌ಗಳಿಂದ ಮತ್ತೆ ಬಿಡಿಸುತ್ತೆ. ಅದಕ್ಕೆ 'ಜಾಬ್ ಹುಟ್ಟಿದ ಹೊತ್ತಿನಿಂದ ಎಣಿಸು' ಅನ್ನೋ ಆಯ್ಕೆ ಇದೆ, ಆದರೆ ಅದು ಉಪಯೋಗಕ್ಕೆ ಬರೋದು 'ಪಿಟಿ240ಎಂ' ತರಹದ ಅವಧಿಗೆ. ನಿಮ್ಮದು ಸಿದ್ಧ ದಿನಾಂಕ, ಹಾಗಾಗಿ 'ಗಡುವು' ವೇರಿಯೇಬಲ್ ಅನ್ನು ಮೊದಲು ನೀವೇ ತಿದ್ದಿರಬೇಕು.

ಹೊಸ ಗಡುವನ್ನು 'ಈಗ'ನಿಂದ ಎಣಿಸಬೇಕೋ 'ಶುರು'ವಿನಿಂದಲೋ? ಸಾಮಾನ್ಯ ಅರ್ಜಿಯಲ್ಲಿ 200 ನಿಮಿಷ ಕಳೆದ ಮೇಲೆ ತುರ್ತು ಆಯಿತು ಅಂದುಕೊಳ್ಳಿ. 'ಶುರು'ವಿನಿಂದಾದರೆ ಉಳಿದದ್ದು 40 ನಿಮಿಷ, 'ಈಗ'ನಿಂದಾದರೆ 240. ನನ್ನ ಅಭಿಪ್ರಾಯ 'ಶುರು'ವಿನಿಂದಲೇ ಎಣಿಸಬೇಕು. ಇಲ್ಲದಿದ್ದರೆ ಆದ್ಯತೆಯನ್ನು ಹಿಂದೆ ಮುಂದೆ ಬದಲಿಸಿ ಗಡುವನ್ನು ಎಷ್ಟು ಬೇಕಾದರೂ ಎಳೆಯಬಹುದು. ಆದರೆ 300 ನಿಮಿಷ ಕಳೆದಿದ್ದರೆ ಹೊಸ ಗಡುವು ಆಗಲೇ ದಾಟಿರುತ್ತೆ, ಟೈಮರ್ ತಕ್ಷಣ ಹಾರುತ್ತೆ. ಅದಕ್ಕೆ ಒಂದು ತಳಮಿತಿ ಇಡಿ, ಉದಾಹರಣೆಗೆ ಈಗಿನಿಂದ ಕನಿಷ್ಠ 30 ಕೆಲಸದ ನಿಮಿಷ.

ತಡೆಹಿಡಿಯುವುದು: ಪ್ರಕ್ರಿಯೆಯನ್ನು 'ಸಸ್ಪೆಂಡ್' ಮಾಡಿದರೆ ಟೈಮರ್ ಹಾರೋದಿಲ್ಲ ನಿಜ, ಆದರೆ ಅದರ ದಿನಾಂಕ ಮುಂದೆ ಹೋಗುವುದೂ ಇಲ್ಲ. ಮೂರು ದಿನ ಬಿಟ್ಟು ಮತ್ತೆ ಚಾಲೂ ಮಾಡಿದ ತಕ್ಷಣ ಎಸ್ಕಲೇಶನ್ ಬಂದು ಬಡಿಯುತ್ತೆ. ತಡೆಹಿಡಿಯುವಾಗ ಉಳಿದ ಕೆಲಸದ ನಿಮಿಷ ಲೆಕ್ಕ ಹಾಕಿ ಒಂದು ವೇರಿಯೇಬಲ್‌ನಲ್ಲಿಡಿ. ಬಿಡುವಾಗ ಅಷ್ಟನ್ನು ಆ ಹೊತ್ತಿಗೆ ಕೂಡಿ ಜಾಬ್‌ನ ದಿನಾಂಕ ತಿದ್ದಿ, ಆಮೇಲೆ ಮಾತ್ರ ಚಾಲೂ ಮಾಡಿ. ಈ ಕ್ರಮ ತಿರುಗಿದರೆ ನಡುವೆ ಜಾಬ್ ಎಕ್ಸಿಕ್ಯೂಟರ್ (ಹೊತ್ತಾದ ಜಾಬ್‌ಗಳನ್ನು ಓಡಿಸುವ ಇಂಜಿನ್‌ನ ಭಾಗ) ನುಗ್ಗಿಬಿಡಬಹುದು. ಹಾಗೆಯೇ 'ಶುರು'ವನ್ನೂ ತಡೆಹಿಡಿದಷ್ಟು ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಆಮೇಲೆ ಆದ್ಯತೆ ಬದಲಾದಾಗ ಆ ಮೂರು ದಿನವೂ ಲೆಕ್ಕಕ್ಕೆ ಬಂದುಬಿಡುತ್ತೆ.

ಉತ್ತರ 4

ಉತ್ತರ 3ರ ಜೊತೆ ಒಂದು ಮಾತು ಸೇರಿಸಬೇಕು. ಗಡಿಯಾರ ಯಾವಾಗ ಶುರುವಾಗಬೇಕು ಅಂತ ಯಾರೂ ಕೇಳಲಿಲ್ಲ. ಗುಂಪಿಗೆ ಬಂದ ಟಾಸ್ಕ್ ಅನ್ನು ಯಾರೂ ಕೈಗೆತ್ತಿಕೊಳ್ಳದಿರೋದು ಒಂದು ತೊಂದರೆ, ಕೈಗೆತ್ತಿಕೊಂಡು ಮುಗಿಸದಿರೋದು ಇನ್ನೊಂದು. ಡಬ್ಲ್ಯೂಎಸ್-ಹ್ಯೂಮನ್‌ಟಾಸ್ಕ್ ನಿರ್ದಿಷ್ಟತೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಗಡುವು ಇವೆ: ಸ್ಟಾರ್ಟ್ ಡೆಡ್‌ಲೈನ್, ಕಂಪ್ಲೀಶನ್ ಡೆಡ್‌ಲೈನ್. ಜೆಬಿಪಿಎಂನಲ್ಲೂ (ಇಂಥದ್ದೇ ಇನ್ನೊಂದು ಇಂಜಿನ್) 'ಶುರುವಾಗದಿದ್ದರೆ', 'ಮುಗಿಯದಿದ್ದರೆ' ಅಂತ ಎರಡು ಬಗೆ ಸಿಗುತ್ತವೆ. ಕಮುಂಡಾದಲ್ಲಿ ಮೊದಲನೆಯದಕ್ಕೆ ಇನ್ನೊಂದು ನಾನ್ ಇಂಟರಪ್ಟಿಂಗ್ ಟೈಮರ್ ಹಾಕಿ, ಹಾರಿದಾಗ ಟಾಸ್ಕ್‌ಗೆ ಯಾರದಾದರೂ ಹೆಸರು ಇದೆಯೇ ನೋಡಿ, ಇದ್ದರೆ ಸುಮ್ಮನೆ ಮುಗಿಸಿ. ತುರ್ತು ಅರ್ಜಿಗೆ 240ರಲ್ಲಿ 60 ನಿಮಿಷ ಇದಕ್ಕೆ ಮೀಸಲಿಟ್ಟರೆ, ಅನಾಥವಾಗಿ ಬಿದ್ದಿರುವ ಕೆಲಸ ಬೇಗ ಕಣ್ಣಿಗೆ ಬೀಳುತ್ತೆ.

ನಿಖರತೆಯ ಬಗ್ಗೆಯೂ ಒಂದು ವಿಷಯ: ಟೈಮರ್ 'ಈ ಹೊತ್ತಿಗಿಂತ ಮುಂಚೆ ಹಾರುವುದಿಲ್ಲ' ಅಂತ ಮಾತ್ರ ಮಾತು ಕೊಡುತ್ತೆ. ಕೆಲಸ ಇಲ್ಲದಾಗ ಜಾಬ್ ಎಕ್ಸಿಕ್ಯೂಟರ್ ಡೇಟಾಬೇಸ್ ನೋಡುವ ಅಂತರವನ್ನು 5 ಸೆಕೆಂಡಿನಿಂದ ಶುರುಮಾಡಿ ಪೂರ್ವನಿಗದಿತ ಗರಿಷ್ಠ 60 ಸೆಕೆಂಡಿನವರೆಗೆ ಹಿಗ್ಗಿಸುತ್ತೆ. 11:30ರ ಗಡುವು 11:31ಕ್ಕೆ ಹಾರಿದರೆ ಗಾಬರಿ ಬೇಡ. ಆದರೆ ರಾತ್ರಿ ಬಂದ ತುರ್ತು ಅರ್ಜಿಗಳೆಲ್ಲ 9:00ಕ್ಕೆ ಶುರುವಾಗಿ 13:00ಕ್ಕೆ ಒಟ್ಟಿಗೇ ಹಾರುತ್ತವೆ, ಒಬ್ಬರೇ ಮೇಲಧಿಕಾರಿಗೆ ಒಂದೇ ನಿಮಿಷದಲ್ಲಿ ಹತ್ತಾರು ಮೇಲ್ ಬೀಳುತ್ತೆ. ಮೇಲ್‌ಗಳನ್ನು ಒಂದು ಟೇಬಲ್‌ಗೆ ಬರೆದು, 10 ನಿಮಿಷಕ್ಕೊಮ್ಮೆ ಒಬ್ಬರಿಗೆ ಒಂದೇ ಪಟ್ಟಿಯಾಗಿ ಕಳಿಸಿ.

ಪರೀಕ್ಷೆಗೆ ಒಂದು ನಿಮಿಷದ ಟೈಮರ್ ಹಾಕಿ ಕಾಯೋದು ಬೇಡ. ಯೂನಿಟ್ ಟೆಸ್ಟ್‌ನಲ್ಲಿ ಇಂಜಿನ್‌ನ 'ಕ್ಲಾಕ್ ಯುಟಿಲ್' ಬಳಸಿ ಹೊತ್ತನ್ನು ಶುಕ್ರವಾರ 16:00ಕ್ಕೆ ನಿಲ್ಲಿಸಿ. ನಿಮ್ಮ ಕ್ಯಾಲೆಂಡರ್ ಕೋಡ್ ಕೂಡ 'ಈಗ' ಎಷ್ಟು ಅಂತ ಅಲ್ಲಿಂದಲೇ ಕೇಳಬೇಕು, ನೇರ ಸಿಸ್ಟಂ ಗಡಿಯಾರದಿಂದಲ್ಲ. ಪ್ರಕ್ರಿಯೆ ಶುರು ಮಾಡಿ, ಜಾಬ್‌ನ ದಿನಾಂಕ ಸೋಮವಾರ 11:30 ಇದೆಯೇ ನೋಡಿ, ಆಮೇಲೆ 'ಎಕ್ಸಿಕ್ಯೂಟ್ ಜಾಬ್' ಕರೆದು ಕೈಯಾರೆ ಹಾರಿಸಿ ಟಾಸ್ಕ್‌ಗೆ ಗುಂಪು ಸೇರಿತೇ ಪರಿಶೀಲಿಸಿ. ಅದೇ ರೀತಿ 17:30 ಸರಿಯಾಗಿ, 17:29, ಶನಿವಾರ, ರಜೆಯ ಹಿಂದಿನ ದಿನ, ಆದ್ಯತೆ ಖಾಲಿ, ಇಷ್ಟಕ್ಕಾದರೂ ಒಂದೊಂದು ಟೆಸ್ಟ್ ಇರಲಿ. ಪ್ರತಿ ಟೆಸ್ಟ್‌ನ ಕೊನೆಯಲ್ಲಿ ಕ್ಲಾಕ್ ಅನ್ನು ರೀಸೆಟ್ ಮಾಡಿ, ಇಲ್ಲದಿದ್ದರೆ ಮುಂದಿನ ಟೆಸ್ಟ್‌ಗಳೆಲ್ಲ ಆ ಶುಕ್ರವಾರದಲ್ಲೇ ಓಡುತ್ತವೆ.